ಬಳ್ಳಾರಿ ಗುಡ್ಡದ ಕಲ್ಲು ಚೆನ್ನೈ ಮ್ಯೂಸಿಯಂನಲ್ಲಿ: ವಾಪಸ್ ಕೇಳೋಕೆ ಮುಂಚೆ ಲೆಕ್ಕ ಕೇಳೋಣ

ಬಳ್ಳಾರಿ: ಮೇ 18 ಅಂದ್ರೆ ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಬ್ಯಾನರ್, ಭಾಷಣ, ಮಕ್ಕಳಿಗೆ ಚಿತ್ರಕಲೆ ಸ್ಪರ್ಧೆ, ಸಾಮಾನ್ಯವಾಗಿ ಅಲ್ಲಿಗೆ ಮುಗೀತು. ಅದಾದ 12 ದಿನಕ್ಕೆ ಬರೋ ಮೇ 30ರ ನೆನಪು ಯಾರಿಗೂ ಇರಲ್ಲ. 1863ರ ಮೇ 30ರಂದು ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಲ್ಲಿ, ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗೆ ಕಲ್ಲಿನ ಕೈಗೊಡಲಿ ಸಿಕ್ಕಿತು. ಭಾರತದಲ್ಲೂ ಹಳೆ ಶಿಲಾಯುಗದ ಮನುಷ್ಯ ಇದ್ದ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಸಿಕ್ಕ ದಿನ ಅದು.

ಇದಕ್ಕೂ ಬಳ್ಳಾರಿಗೂ ಏನು ಸಂಬಂಧ ಅಂತ ಕೇಳಬಹುದು. ನಮ್ಮೂರಲ್ಲಿರೋ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಇರೋದು ಇದೇ ಫೂಟ್ ಹೆಸರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ಕೆಲಸಕ್ಕಿದ್ದ ಇವರು ಬಳ್ಳಾರಿ ಜಿಲ್ಲೆಯ ಗುಡ್ಡಗಳನ್ನು ಕಾಲಲ್ಲಿ ಅಳೆದವರು. 1895ರಲ್ಲಿ ಇಲಾಖೆ ಪ್ರಕಟಿಸಿದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ವರದಿ ಬರೆದವರೂ ಇವರೇ. ಸಂಡೂರು ಬೆಟ್ಟಗಳ ಕಬ್ಬಿಣದ ಅದಿರಿನ ವಿವರ ಆ ವರದಿಯಲ್ಲಿದೆ. ಕಲ್ಲು, ಅದಿರು ನೋಡೋದು ಇಲಾಖೆಯ ಕೆಲಸ. ಅದೇ ಓಡಾಟದಲ್ಲಿ, ತಮ್ಮ ಆಸಕ್ತಿಗೆ ಅಂತ, ಹಳೆಕಾಲದ ಜನ ಮಾಡಿಟ್ಟ ಕಲ್ಲುಕೊಡಲಿ, ಮಡಕೆ ಚೂರು ಆರಿಸಿ, ಸಿಕ್ಕ ಜಾಗ ಬರೆದು ಇಟ್ಟುಕೊಳ್ಳುತ್ತಾ ಹೋದರು.

ಹೀಗೆ ಒಬ್ಬನೇ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಎರಡು ಸಂಪತ್ತು ಗುರುತಿಸಿದ. ಅದಿರಿಗೆ ರೈಲು ಬಂತು, ಲಾರಿ ಬಂತು, ವೇ ಬ್ರಿಡ್ಜ್ ಬಂತು. ಕಲ್ಲುಕೊಡಲಿಗಳು 1904ರಲ್ಲಿ ಮದ್ರಾಸ್ ಸರ್ಕಾರಿ ಮ್ಯೂಸಿಯಂ ಸೇರಿದವು. ಈಗಲೂ ಅವು ಚೆನ್ನೈನ ಎಗ್ಮೋರ್‌ನಲ್ಲೇ ಇವೆ.

ನಮ್ಮ ಕಲ್ಲು ಅಲ್ಲೇಕೆ ಇರಬೇಕು ಅನ್ನೋದು ಸಹಜವಾದ ಪ್ರಶ್ನೆ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆ ಆದ ಮೇಲೆ ಈ ಪ್ರಶ್ನೆಗೆ ಇನ್ನೂ ಖಾರ ಸೇರಿದೆ. ಹಂಪಿ ಆ ಕಡೆ ಹೋಯ್ತು, ನಮಗೆ ಉಳಿದಿದ್ದು ಏನು ಅಂತ ಲೆಕ್ಕ ಹಾಕುವಾಗ ಕೋಟೆ, ಸಂಡೂರಿನ ಕಾಡು ಆದ ಮೇಲೆ ಸಂಗನಕಲ್ಲಿನ ಹೆಸರು ಬರುತ್ತೆ. ಹಂಪಿಗೆ ಏಳುನೂರು ವರ್ಷದ ಇತಿಹಾಸ ಹೇಳ್ತೀವಿ. ಸಂಗನಕಲ್ಲಿನ ಗುಡ್ಡದ ಮೇಲೆ ನಾಲ್ಕು ಸಾವಿರ ವರ್ಷದ ಹಿಂದೆ ಜನ ದನ ಕಟ್ಟಿಕೊಂಡು, ಧಾನ್ಯ ಬೆಳೆದುಕೊಂಡು ಸಂಸಾರ ಮಾಡ್ತಿದ್ದರು.

ಆದ್ರೆ ವಾಪಸ್ ಕೊಡಿ ಅನ್ನೋ ಮಾತಿಗೆ ಮುಂಚೆ ಬೇರೆ ಒಂದು ಮಾತು ಬಗೆಹರೀಬೇಕು. ಮ್ಯೂಸಿಯಂನಲ್ಲಿ ಬೆಲೆ ಇರೋದು ಯಾವುದಕ್ಕೆ?

ಶೋಕೇಸ್ ಬೇರೆ, ಗೋಡೌನ್ ಬೇರೆ

ಅಂಗಡಿ ಇಟ್ಟವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಶೋಕೇಸ್‌ನಲ್ಲಿ ತೂಗುಹಾಕಿದ ನಾಲ್ಕು ಸೀರೆ ಅಂಗಡಿ ಅಲ್ಲ. ಹಿಂದಿನ ಗೋಡೌನ್, ಆ ಗೋಡೌನ್‌ಗೆ ಒಂದು ಸ್ಟಾಕ್ ಪುಸ್ತಕ, ಯಾವ ಮಾಲು ಯಾವಾಗ ಎಲ್ಲಿಂದ ಬಂತು ಅನ್ನೋ ಬರಹ, ಇವಿದ್ದರೆ ಅಂಗಡಿ. ಮ್ಯೂಸಿಯಂ ಕೂಡ ಹಾಗೇ. ಗಾಜಿನ ಪೆಟ್ಟಿಗೆಯಲ್ಲಿ ನಾವು ನೋಡೋದು ಅಲ್ಲಿರೋ ಸಂಗ್ರಹದ ಸಣ್ಣ ಪಾಲು. ಉಳಿದದ್ದು ಒಳಗಿನ ಕಪಾಟು, ಡಬ್ಬ, ಚೀಲಗಳಲ್ಲಿ ಇರುತ್ತೆ. ಪ್ರತಿ ವಸ್ತುವಿಗೆ ಒಂದು ಚೀಟಿ, ಪ್ರತಿ ಚೀಟಿಗೆ ರಿಜಿಸ್ಟರ್‌ನಲ್ಲಿ ಒಂದು ಸಾಲು. ಚಿಟ್ಟೆ ಇರಲಿ, ಹಕ್ಕಿ ತೊಗಲು ಇರಲಿ, ಕಲ್ಲುಕೊಡಲಿ ಇರಲಿ, ಕ್ರಮ ಒಂದೇ.

ಚೀಟಿ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ಕಳ್ಳತನದ ಕೇಸ್ ಇದೆ. ಲಂಡನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತನ್ನ ಹಕ್ಕಿ ಸಂಗ್ರಹವನ್ನು ಟ್ರಿಂಗ್ ಅನ್ನೋ ಸಣ್ಣ ಊರಲ್ಲಿ ಇಟ್ಟಿದೆ. 2009ರ ಜೂನ್‌ನಲ್ಲಿ ಒಂದು ರಾತ್ರಿ ಅಲ್ಲಿಗೆ ನುಗ್ಗಿದ ಒಬ್ಬ ಸಂಗೀತ ವಿದ್ಯಾರ್ಥಿ 299 ಹಕ್ಕಿ ತೊಗಲುಗಳನ್ನು ಸೂಟ್‌ಕೇಸ್‌ಗೆ ತುಂಬಿಕೊಂಡು ಹೋದ. ಯಾಕೆ ಗೊತ್ತಾ? ಮೀನಿನ ಗಾಳಕ್ಕೆ ಕಟ್ಟೋ ಬಣ್ಣದ ಪುಕ್ಕಕ್ಕೆ. ಅಂಥ ಪುಕ್ಕಕ್ಕೆ ಹುಚ್ಚು ಬೆಲೆ ಕೊಡೋ ಹವ್ಯಾಸಿಗಳು ಇದ್ದಾರೆ. ಕಳುವಾದವುಗಳಲ್ಲಿ ಡಾರ್ವಿನ್ ಜೊತೆಗೇ ವಿಕಾಸವಾದ ಮಂಡಿಸಿದ ವ್ಯಾಲೇಸ್ ಸಂಗ್ರಹಿಸಿದ ಹಕ್ಕಿಗಳೂ ಇದ್ದವು. ಮರುವರ್ಷ ಹುಡುಗ ಸಿಕ್ಕಿಬಿದ್ದ. ಒಂದಷ್ಟು ತೊಗಲು ವಾಪಸ್ ಬಂದವು. ಆದ್ರೆ ಬಂದವುಗಳಲ್ಲೂ ಎಷ್ಟೋ ಹಕ್ಕಿಗಳ ಕಾಲಿಗೆ ಕಟ್ಟಿದ್ದ ಚೀಟಿ ಕಿತ್ತು ಹೋಗಿತ್ತು. ಚೀಟಿ ಇಲ್ಲದ ಹಕ್ಕಿ ಯಾವ ಕಾಡಿನದು, ಯಾವ ವರ್ಷದ್ದು, ಯಾರು ಹಿಡಿದದ್ದು ಹೇಳೋಕೆ ಆಗಲ್ಲ. ವಿಜ್ಞಾನಿಗೆ ಅದು ಬರೀ ಬಣ್ಣದ ಪುಕ್ಕ. ವಸ್ತು ಕೈಗೆ ಬಂದ್ರೂ ಮಾಲು ಹೋದಂಗೆ.

ಬರೆದಿಡದ ಮಾಲು ಹೋದ್ರೆ ಅದು ಹೋಗಿದ್ದೂ ಗೊತ್ತಾಗಲ್ಲ. 2023ರ ಆಗಸ್ಟ್‌ನಲ್ಲಿ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂ ತನ್ನಲ್ಲಿ ಸುಮಾರು 2,000 ವಸ್ತುಗಳು ಕಳುವಾಗಿವೆ, ಇಲ್ಲವೇ ಹಾಳಾಗಿವೆ ಅಂತ ಒಪ್ಪಿಕೊಂಡಾಗ ಹೊರಬಿದ್ದ ಸಂಗತಿ ಇದೇ. ಹೋದವುಗಳಲ್ಲಿ ಬಹಳಷ್ಟು ಪಟ್ಟಿಯಲ್ಲಿ ಸರಿಯಾಗಿ ದಾಖಲಾಗೇ ಇರಲಿಲ್ಲ. ಜಗತ್ತಿನ ದೊಡ್ಡ ಮ್ಯೂಸಿಯಂ ಕಥೆ ಇದು. ನಮ್ಮ ದೇಶದ್ದು ಬೇರೆ ಅಂತ ಎದೆ ತಟ್ಟೋ ಹಾಗಿಲ್ಲ. 2013ರ ಸಿಎಜಿ ವರದಿ ಕೇಂದ್ರದ ಕೈಕೆಳಗಿನ ಮ್ಯೂಸಿಯಂಗಳಲ್ಲಿ ವಸ್ತುಗಳ ಲೆಕ್ಕ, ಪಟ್ಟಿ ಸರಿಯಿಲ್ಲ ಅಂತ ಬರೆದಿತ್ತು. ಅದೇ ವರದಿಯಲ್ಲಿ 92 ಸಂರಕ್ಷಿತ ಸ್ಮಾರಕಗಳೇ ಜಾಗದಲ್ಲಿ ಕಾಣ್ತಿಲ್ಲ ಅಂತಲೂ ಇತ್ತು. ಕಟ್ಟಡವೇ ಕಾಣೆ ಆಗೋ ದೇಶದಲ್ಲಿ ಅಂಗೈ ಅಗಲದ ಕಲ್ಲು ಯಾವ ಲೆಕ್ಕ.

ಫೂಟ್ ದೊಡ್ಡವರು ಅನಿಸೋದು ಇಲ್ಲಿ. ಅವರು ಬರೀ ಆರಿಸಲಿಲ್ಲ, ಬರೆದರು. ದಕ್ಷಿಣ ಮತ್ತು ಪಶ್ಚಿಮ ಭಾರತದ 450ಕ್ಕೂ ಹೆಚ್ಚು ಜಾಗಗಳಲ್ಲಿ ಸಿಕ್ಕ ವಸ್ತುಗಳಿಗೆ ನಂಬರ್ ಕೊಟ್ಟು, ಜಿಲ್ಲೆವಾರು, ಊರುವಾರು ಪಟ್ಟಿ ಮಾಡಿದರು. 1912ರ ಕೊನೆಯಲ್ಲಿ ಅವರು ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ, ಮದ್ರಾಸ್ ಮ್ಯೂಸಿಯಂ ಅದನ್ನ ಎರಡು ಪುಸ್ತಕವಾಗಿ ಅಚ್ಚು ಹಾಕಿಸಿತು. ಹಾಗಾಗಿ ನೂರು ವರ್ಷ ದಾಟಿದ ಮೇಲೂ ಚೆನ್ನೈನ ಒಂದು ಕೊಡಲಿ ಹಿಡಿದು ಇದು ನಮ್ಮ ಇಂಥ ಗುಡ್ಡದ್ದು ಅಂತ ಹೇಳೋಕೆ ದಾರಿ ಇದೆ. ಆ ಪಟ್ಟಿ ಇಲ್ಲದಿದ್ದರೆ ಅವೆಲ್ಲ ಎಗ್ಮೋರ್‌ನಲ್ಲಿ ಬಿದ್ದ ಕರಿ ಕಲ್ಲುಗಳು, ಅಷ್ಟೇ.

ಕಸ ಅಂತ ಎಸೆದಿದ್ರೆ ಹುರುಳಿ ಕಥೆ ಗೊತ್ತಾಗ್ತಿರಲಿಲ್ಲ

ನುಣುಪಾಗಿ ಉಜ್ಜಿದ ಕೊಡಲಿ ನೋಡೋಕೆ ಚಂದ. ಫೋಟೋಗೂ ಚಂದ. ಆದ್ರೆ ಸಂಗನಕಲ್ಲಿನ ನಿಜವಾದ ಕಥೆ ಹೇಳಿದ್ದು ಚಂದದ ವಸ್ತುಗಳಲ್ಲ, ಚಕ್ಕೆಗಳು.

ಸಂಗನಕಲ್ಲು, ಕಪ್ಪಗಲ್ಲು ಊರುಗಳ ನಡುವಿನ ಹಿರೇಗುಡ್ಡದಲ್ಲಿ ಗ್ರಾನೈಟ್ ಬಂಡೆಗಳನ್ನು ಸೀಳಿಕೊಂಡು ಡೋಲರೈಟ್ ಅನ್ನೋ ಕರಿಕಲ್ಲಿನ ಪಟ್ಟಿ ಹಾದುಹೋಗಿದೆ. ಸುಮಾರು ಮೂರೂವರೆ ಸಾವಿರ ವರ್ಷದ ಹಿಂದೆ ಇಲ್ಲಿ ಕೊಡಲಿ ಮಾಡೋ ಕೆಲಸ ಭರ್ಜರಿಯಾಗಿ ನಡೀತಿತ್ತು. ಕಲ್ಲು ಒಡೆದು, ಚಕ್ಕೆ ಎಬ್ಬಿಸಿ ಆಕಾರಕ್ಕೆ ತಂದು, ಕುಟ್ಟಿ ಸಮ ಮಾಡಿ, ಕೊನೆಗೆ ಬಂಡೆ ಮೇಲೆ ಉಜ್ಜಿ ಉಜ್ಜಿ ಅಂಚು ತೆಗೀತಿದ್ದರು. ಉಜ್ಜಿದ ಗುಳಿಗಳು ಬಂಡೆ ಮೇಲೆ ಈಗಲೂ ಕಾಣ್ತವೆ. ಅರ್ಧಕ್ಕೆ ಮುರಿದ ಕೊಡಲಿ, ಹಾಳಾಯ್ತು ಅಂತ ಬಿಸಾಕಿದ ತುಂಡು, ರಾಶಿ ರಾಶಿ ಚಕ್ಕೆ, ಇವನ್ನ ಅಗೆದು ಚೀಲಕ್ಕೆ ತುಂಬಿ, ಯಾವ ಪದರದ್ದು ಅಂತ ಚೀಟಿ ಬರೆದು, ಎಣಿಸಿದ್ದಕ್ಕೇ ಇದು ಮನೆಗೆ ಒಂದೆರಡು ಮಾಡಿಕೊಂಡ ಕೆಲಸ ಅಲ್ಲ, ದೊಡ್ಡ ಕಾರ್ಖಾನೆ ಅಂತ ಗೊತ್ತಾಯ್ತು. ಬರೀ ಚಂದದ್ದು ಆರಿಸಿಕೊಂಡು ಹೋಗಿದ್ದರೆ ಕಾರ್ಖಾನೆ ಅನ್ನೋ ಮಾತೇ ಬರ್ತಿರಲಿಲ್ಲ.

ಇನ್ನೊಂದು ಉದಾಹರಣೆ ಕಿರಾಣಿ ಅಂಗಡಿಯವರಿಗೆ ಇಷ್ಟ ಆಗಬಹುದು. ಇಲ್ಲಿ ಸುಬ್ಬರಾವ್ 1940ರ ದಶಕದಲ್ಲಿ ಅಗೆದರು, ಅನ್ಸಾರಿ ಮತ್ತು ನಾಗರಾಜರಾವ್ 1960ರ ದಶಕದಲ್ಲಿ ಅಗೆದರು. 2000ದ ನಂತರ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬೋಯಿವಿನ್ ತಂಡ ಬಂತು. ಈ ತಂಡ ಅಗೆದ ಮಣ್ಣನ್ನ ಗುಡ್ಡೆ ಹಾಕಿ ಬಿಡದೆ ನೀರಿಗೆ ಹಾಕಿ ಕಲಕಿತು. ಸುಟ್ಟು ಇದ್ದಿಲಾದ ಕಾಳು ಹಗುರ, ಮೇಲೆ ತೇಲುತ್ತೆ. ಹಾಗೆ ತೇಲಿದ್ದು ಹುರುಳಿ, ಹೆಸರು, ಕೊರಲೆ, ನವಣೆ ಜಾತಿಗೆ ಹತ್ತಿರದ ಇನ್ನೊಂದು ಹುಲ್ಲುಧಾನ್ಯ. ಇವತ್ತು ಸಿರಿಧಾನ್ಯ ಅಂತ ಪ್ಯಾಕೆಟ್ ಮಾಡಿ ದುಬಾರಿ ಬೆಲೆಗೆ ಮಾರೋ ಕೊರಲೆ ನಾಲ್ಕು ಸಾವಿರ ವರ್ಷದ ಹಿಂದೆ ನಮ್ಮ ಗುಡ್ಡದ ಜನರ ದಿನದ ಊಟ. ನಮ್ಮ ಜೋಳ ಇದೆಯಲ್ಲ, ರೊಟ್ಟಿ ಇಲ್ಲದೆ ಊಟವೇ ಇಲ್ಲ ಅಂತೀವಲ್ಲ, ಅದು ಆಫ್ರಿಕಾ ಮೂಲದ ಬೆಳೆ, ಆಮೇಲೆ ಬಂದು ಸೇರಿದ್ದು. ಹಳೇ ಬಳ್ಳಾರಿಯವನು ಯಾರು ಅಂದ್ರೆ ಹುರುಳಿ!

ಬೂದಿದಿಬ್ಬಗಳ ಕಥೆಯೂ ಇಂಥದ್ದೇ. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವಾಗ ಕುಡತಿನಿ ಹತ್ತಿರ ಒಂದಿದೆ. ಇಂಥ ದಿಬ್ಬ ಎಲ್ಲಿದ್ದರೂ ಅದಕ್ಕೊಂದು ರಾಕ್ಷಸನ ಕಥೆ ಅಂಟಿಕೊಂಡಿರುತ್ತೆ. ಹಂಪಿ ಪಕ್ಕದ ನಿಂಬಾಪುರದ್ದು ವಾಲಿಯನ್ನ ಸುಟ್ಟ ಬೂದಿ ಅಂತ ಹೇಳ್ತಾರೆ. ಇವು ದನದ ಸಗಣಿ ಸುಟ್ಟ ಬೂದಿ ಅಂತ ವಾದಿಸಿದವರಲ್ಲಿ ಫೂಟ್ ಒಬ್ಬರು. 1960ರಲ್ಲಿ ಝಾಯ್ನರ್ ಅನ್ನೋ ವಿಜ್ಞಾನಿ ಕುಡತಿನಿಯ ಬೂದಿಯನ್ನ ಪರೀಕ್ಷಿಸಿ ಹೌದು, ಸಗಣಿಯೇ ಅಂದರು. ಒಂದು ಹಿಡಿ ಬೂದಿ, ಎಲ್ಲಿಯದು ಅಂತ ಬರೆದಿಟ್ಟ ಒಂದು ಚೀಟಿ. ಅಷ್ಟು ಸಾಕಾಯ್ತು.

ಪ್ರಾಣಿ ಪಕ್ಷಿಗಳ ಸಂಗ್ರಹಕ್ಕೂ ಇದೇ ಮಾತು. ಸತ್ತ ಹಕ್ಕಿ, ಒಡೆದ ಮೊಟ್ಟೆ ಇಟ್ಟುಕೊಂಡು ಏನು ಮಾಡ್ತೀರಿ ಅಂತ ನಗೋರು ಇದ್ದಾರೆ. 1967ರಲ್ಲಿ ಬ್ರಿಟನ್‌ನ ಡೆರೆಕ್ ರಾಟ್‌ಕ್ಲಿಫ್ ಹಳೇ ಸಂಗ್ರಹಗಳಲ್ಲಿದ್ದ ಡೇಗೆ ಹಕ್ಕಿಯ ಮೊಟ್ಟೆ ಚಿಪ್ಪುಗಳನ್ನ ತೂಗಿ ನೋಡಿದರು. 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗುತ್ತಾ ಬಂದಿತ್ತು. ಡಿಡಿಟಿ ಬಳಕೆಗೆ ಬಂದ ಕಾಲಕ್ಕೆ ಅದು ಸರಿಯಾಗಿ ಹೊಂದಿತು. ಮೊಟ್ಟೆ ಕೂಡಿಟ್ಟವರು ಡಿಡಿಟಿ ಹೆಸರೂ ಕೇಳದ ಕಾಲದವರು. ಆದ್ರೆ ಚಿಪ್ಪಿನ ಜೊತೆ ತಾರೀಕು ಬರೆದಿದ್ದರು. ಹತ್ತಿಗೂ ಮೆಣಸಿನಕಾಯಿಗೂ ವಾರಕ್ಕೊಂದು ಸಲ ಔಷಧ ಹೊಡೆಯೋ ನಮ್ಮ ಸೀಮೆಯಲ್ಲಿ, ಮೂವತ್ತು ವರ್ಷದ ಹಿಂದಿನ ಕೆರೆ ಮೀನು, ಹೊಲದ ಹಕ್ಕಿ, ಮಣ್ಣು ಎಲ್ಲಾದರೂ ತಾರೀಕು ಸಮೇತ ಇಟ್ಟಿದ್ದರೆ ಈಗ ಎಷ್ಟು ಕೆಲಸಕ್ಕೆ ಬರ್ತಿತ್ತು ಅಂತ ಯೋಚಿಸಿ.

ಬೆಂಕಿ ಬಿದ್ದ ರಾತ್ರಿ

ಈಗ ವಾಪಸ್ ತರೋ ಮಾತಿಗೆ ಬರೋಣ. ತಂದು ಇಡೋದು ಎಲ್ಲಿ?

ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ 1978ರಲ್ಲಿ ಶುರುವಾಗಿದ್ದು. ಮೈಸೂರಿನ ಕಾರಂಜಿ ಕೆರೆ ಪಕ್ಕ 1995ರಲ್ಲಿ ಆರಂಭವಾದ ಪ್ರಾದೇಶಿಕ ಮ್ಯೂಸಿಯಂ, ನಮ್ಮ ಮಕ್ಕಳು ಟೂರ್ ಹೋದಾಗ ನೋಡೋದು, ಅದರದೇ ಶಾಖೆ. ದೆಹಲಿಯದ್ದಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಮಂಡಿ ಹೌಸ್ ಹತ್ತಿರ ಫಿಕ್ಕಿ ಕಟ್ಟಡದಲ್ಲಿ ಇತ್ತು. 2016ರ ಏಪ್ರಿಲ್ 26ರಂದು ಮಧ್ಯರಾತ್ರಿ ದಾಟಿದ ಮೇಲೆ ಬೆಂಕಿ ಬಿತ್ತು. ಬೆಳಗಾಗೋ ಹೊತ್ತಿಗೆ ನಾಲ್ಕು ದಶಕದ ಸಂಗ್ರಹ ಬೂದಿ. ತೊಗಲು ತುಂಬಿಸಿಟ್ಟ ಪ್ರಾಣಿಗಳು, ಚಿಟ್ಟೆ, ಪಳೆಯುಳಿಕೆ ಎಲ್ಲ ಹೋಯ್ತು. ಕಟ್ಟಡದ ಬೆಂಕಿ ನಂದಿಸೋ ವ್ಯವಸ್ಥೆ ಕೆಲಸಕ್ಕೆ ಬರಲಿಲ್ಲ ಅಂತ ಅಂದಿನ ವರದಿಗಳು ಹೇಳಿದವು. ಆಗಿನ ಪರಿಸರ ಸಚಿವ ಪ್ರಕಾಶ್ ಜಾವಡೇಕರ್ ಮ್ಯೂಸಿಯಂಗಳ ಅಗ್ನಿ ಸುರಕ್ಷತೆ ತಪಾಸಣೆಗೆ ಹೇಳಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಎರಡು ವರ್ಷಕ್ಕೆ ಬ್ರೆಜಿಲ್‌ನಲ್ಲಿ ಇನ್ನೂ ದೊಡ್ಡದು. ರಿಯೋ ಡಿ ಜನೈರೋದ ರಾಷ್ಟ್ರೀಯ ಮ್ಯೂಸಿಯಂಗೆ ಇನ್ನೂರು ವರ್ಷ ತುಂಬಿದ ವರ್ಷ ಅದು. 2018ರ ಸೆಪ್ಟೆಂಬರ್ 2ರ ರಾತ್ರಿ ಸುಟ್ಟುಹೋಯಿತು. ಸುಮಾರು 2 ಕೋಟಿ ವಸ್ತುಗಳಿದ್ದ ಸಂಗ್ರಹ, ಬಹುಪಾಲು ಹೋಯ್ತು. ಅಗ್ನಿಶಾಮಕದವರು ಬಂದಾಗ ಹತ್ತಿರದ ಹೈಡ್ರಾಂಟ್‌ನಲ್ಲಿ ನೀರಿಲ್ಲ! ಐದು ಟನ್‌ಗೂ ಹೆಚ್ಚು ತೂಗೋ ಉಲ್ಕಾಶಿಲೆ ಮಾತ್ರ ಬಾಗಿಲಲ್ಲಿ ಕೂತಲ್ಲೇ ಕೂತಿತ್ತು. ಅಲ್ಲಿ ಹೋದದ್ದರಲ್ಲಿ ಮಾತಾಡೋರೇ ಉಳಿಯದ ಬುಡಕಟ್ಟು ಭಾಷೆಗಳ ಧ್ವನಿಮುದ್ರಣವೂ ಸೇರಿತ್ತು.

ಕಲ್ಲುಕೊಡಲಿಗೆ ಬೆಂಕಿ ಏನು ಮಾಡುತ್ತೆ ಅನ್ನಬಹುದು. ಕಲ್ಲಿಗೆ ಏನೂ ಆಗದೇ ಇರಬಹುದು, ಕಾಗದದ ಚೀಟಿ ಹೋಗುತ್ತೆ, ರಿಜಿಸ್ಟರ್ ಹೋಗುತ್ತೆ. ಮಳೆಗಾಲದಲ್ಲಿ ಸೋರೋ ತಾರಸಿ, ಗೆದ್ದಲು, ಇಲಿ ಸಾಕು. ಹಂಗಾಗಿ ರಿಜಿಸ್ಟರ್ ಸ್ಕ್ಯಾನ್ ಆಗಿ ಇನ್ನೆರಡು ಕಡೆ ಇರಬೇಕು ಅನ್ನೋದು ಐಷಾರಾಮ ಅಲ್ಲ. ಅಂಗಡಿಯ ಜಿಎಸ್‌ಟಿ ಲೆಕ್ಕವನ್ನೇ ನಾವು ಎರಡು ಕಡೆ ಇಡ್ತೀವಿ.

ಇನ್ನು ಹಕ್ಕಿನ ಮಾತು. ಫೂಟ್ ಕಲ್ಲು ಆರಿಸಿದಾಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಹಾಗಾಗಿ ನಮ್ಮ ಕಲ್ಲು ಮದ್ರಾಸ್‌ಗೆ ಹೋಗಿದ್ದು ಕಳ್ಳತನ ಅಲ್ಲ, ಆಗಿನ ನಮ್ಮ ರಾಜಧಾನಿಗೇ ಹೋಗಿದ್ದು. ಮತ್ತೆ ಆ ಸಂಗ್ರಹಕ್ಕೆ ಒಂದಾಗಿ ಇರೋದರಲ್ಲಿ ಒಂದು ಬೆಲೆ ಇದೆ. ಗುಜರಾತಿನದ್ದೂ ಸೇಲಂನದ್ದೂ ಬಳ್ಳಾರಿಯದ್ದೂ ಪಕ್ಕಪಕ್ಕ ಇಟ್ಟು ನೋಡಬಹುದು. ಜಿಲ್ಲೆ ಜಿಲ್ಲೆಗೆ ಹಂಚಿದರೆ ಅದು ಹೋಗುತ್ತೆ. ನನ್ನ ಅಭಿಪ್ರಾಯ ಕೇಳಿದರೆ ಈಗಲೇ ವಾಪಸ್ ಬೇಡ. ಬಳ್ಳಾರಿ ಜಿಲ್ಲೆಯ ಪ್ರತಿ ವಸ್ತುವಿನ ಫೋಟೋ, ನಂಬರ್, ಜಾಗದ ಹೆಸರು ಇರೋ ಪಟ್ಟಿ ನಮಗೆ ಕೊಡಲಿ, ನಾವು ಅದನ್ನ ಕನ್ನಡದಲ್ಲಿ ಹಾಕೋಣ. ಕೆಲವನ್ನ ನಿಗದಿತ ಅವಧಿಗೆ ಪ್ರದರ್ಶನಕ್ಕೆ ಕೊಡೋದು ಮ್ಯೂಸಿಯಂಗಳ ನಡುವೆ ಮಾಮೂಲಿ, ಅದನ್ನ ಕೇಳೋಣ. ಇದಕ್ಕೆ ರಾಜ್ಯ ರಾಜ್ಯದ ಜಗಳ ಬೇಕಿಲ್ಲ, ಎರಡು ಪತ್ರ ಸಾಕು.

ಇದನ್ನ ಒಪ್ಪದವರ ವಾದವೂ ಸುಳ್ಳಲ್ಲ. ಸುಟ್ಟು ಕರಕಲಾಗಿ ಇನ್ನೂ ಪೂರ್ತಿ ಎದ್ದು ನಿಲ್ಲದ ಆ ಬ್ರೆಜಿಲ್ ಮ್ಯೂಸಿಯಂಗೇ ಡೆನ್ಮಾರ್ಕ್ 2024ರಲ್ಲಿ ತುಪಿನಂಬಾ ಜನರ ಹಳೇ ಗರಿ ನಿಲುವಂಗಿಯನ್ನ ವಾಪಸ್ ಕೊಟ್ಟಿತು. ಮನೆ ಪೂರ್ತಿ ಸರಿಯಾಗೋವರೆಗೂ ಕಾಯಿರಿ ಅಂತ ಹೇಳ್ತಾ ಹೋದ್ರೆ ಯಾವ ಕಾಲಕ್ಕೂ ಬರಲ್ಲ ಅನ್ನೋರಿಗೆ ಇದು ಒಳ್ಳೆ ಉದಾಹರಣೆ. ಆದ್ರೆ ಆ ನಿಲುವಂಗಿಯನ್ನ ಪೂಜ್ಯ ಅಂತ ನಂಬೋ ಜನ ಇವತ್ತಿಗೂ ಇದ್ದಾರೆ, ಕೇಳಿದವರು ಅವರು. ನಮ್ಮ ಕೊಡಲಿಗಳದು ಅಂಥ ಕಥೆ ಅಲ್ಲ.

ಗುಡ್ಡವೇ ದೊಡ್ಡ ಸಂಗ್ರಹ

ಚೆನ್ನೈನಲ್ಲಿರೋದರ ಬಗ್ಗೆ ಇಷ್ಟು ಮಾತಾಡೋ ನಾವು, ಇಲ್ಲೇ ಉಳಿದಿರೋದರ ಬಗ್ಗೆ ಸುಮ್ಮನಿದ್ದೀವಿ. ಸಣ್ಣರಾಚಮ್ಮನ ಗುಡ್ಡ, ಹಿರೇಗುಡ್ಡ, ಚೌಡಮ್ಮನ ಗುಡ್ಡ ಇವೇ ಎಲ್ಲಕ್ಕಿಂತ ದೊಡ್ಡ ಸಂಗ್ರಹ. ಬಂಡೆಗಳ ಮೇಲೆ ಡುಬ್ಬದ ಎತ್ತು, ಉದ್ದ ಕೊಂಬಿನ ದನ, ಮನುಷ್ಯರ ಚಿತ್ರ ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳ ಮೇಲೆ ಕಲ್ಲಲ್ಲಿ ಹೊಡೆದರೆ ಗಂಟೆ ಹೊಡೆದಂಗೆ ನಾದ ಬರುತ್ತೆ. ಹೊಡೆದು ಹೊಡೆದು ಸವೆದ ಗುಳಿಗಳೂ ಇವೆ. ಇವನ್ನ ಯಾವ ಮ್ಯೂಸಿಯಂಗೂ ಎತ್ತಿಕೊಂಡು ಹೋಗೋಕೆ ಆಗಲ್ಲ.

ಗ್ರಾನೈಟ್ ಕ್ವಾರಿಗೆ ಮಾತ್ರ ಆಗುತ್ತೆ. ಎರಡು ದಶಕದ ಹಿಂದೆ ಇಲ್ಲಿ ಕೆಲಸ ಮಾಡಿದ ಸಂಶೋಧಕರು ಕಲ್ಲು ಒಡೆಯೋದರಿಂದ ಚಿತ್ರದ ಬಂಡೆಗಳಿಗೆ ಆಗ್ತಿರೋ ಹಾನಿ ಬಗ್ಗೆ ಬರೆದು, ಅದು ಹೊರದೇಶದ ಪತ್ರಿಕೆಗಳಲ್ಲೂ ಸುದ್ದಿ ಆಗಿತ್ತು. ಕಲ್ಲು ಒಡೆದು ಹೊಟ್ಟೆ ಹೊರೆಯೋ ಕೂಲಿಯವರನ್ನ ಬೈದು ಪ್ರಯೋಜನ ಇಲ್ಲ. ದಿನದ ಕೂಲಿ ನೂರಿನ್ನೂರು ಹೆಚ್ಚು ಸಿಗೋ ಕಡೆ ಯಾರೂ ಹೋಗ್ತಾರೆ. ಯಾವ ಸರ್ವೆ ನಂಬರ್‌ನಲ್ಲಿ ಒಡೆಯಬಹುದು, ಯಾವುದರಲ್ಲಿ ಕೂಡದು ಅನ್ನೋದು ಮೇಲಿನವರು ಬರೆದುಕೊಡಬೇಕಾದ ಮಾತು.

ಈ ಜಿಲ್ಲೆಗೆ ಲೆಕ್ಕ ಇಲ್ಲದ ಮಾಲು ಹೋದ್ರೆ ಏನಾಗುತ್ತೆ ಅಂತ ಯಾರೂ ಪಾಠ ಹೇಳಬೇಕಿಲ್ಲ. ಪರ್ಮಿಟ್ ಇಲ್ಲದೆ, ತೂಕ ಇಲ್ಲದೆ ಅದಿರು ಹೋದ ಕಾಲ ನೋಡಿದ್ದೀವಿ, 2011ರ ಲೋಕಾಯುಕ್ತ ವರದಿ ನೋಡಿದ್ದೀವಿ, ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಲಾರಿ ಮಾಲೀಕರಿಂದ ಹಿಡಿದು ಹೋಟೆಲ್‌ನವರವರೆಗೆ ಬಿದ್ದ ಹೊಡೆತ ನೋಡಿದ್ದೀವಿ. ಅದಿರಾದ್ರೂ ಇನ್ನೊಂದು ಗುಡ್ಡದಲ್ಲಿ ಸಿಗುತ್ತೆ. ಚಿತ್ರ ಇರೋ ಬಂಡೆ ಜಲ್ಲಿ ಆದ್ರೆ ಅದಕ್ಕೆ ಎರಡನೇ ಕಾಪಿ ಇಲ್ಲ.

ಹಳ್ಳಿಗಳಲ್ಲಿ ಒಂದು ಹೆದರಿಕೆ ಇದೆ, ಅದನ್ನ ಮುಚ್ಚಿಡೋದು ಬೇಡ. ಹೊಲ ಹೂಡುವಾಗ ನುಣುಪು ಕಲ್ಲು ಸಿಕ್ಕರೆ ಸಿಡಿಲಿನ ಕಲ್ಲು ಅಂತ ದೇವರ ಕಟ್ಟೆ ಮೇಲೆ ಇಡ್ತಾರೆ, ಇಲ್ಲ ಬದುವಿಗೆ ಎಸೀತಾರೆ. ಅಧಿಕಾರಿಗೆ ಹೇಳಲ್ಲ, ಯಾಕಂದ್ರೆ ಹೇಳಿದ್ರೆ ಹೊಲವೇ ಹೋಗುತ್ತೆ ಅನ್ನೋ ಭಯ. ಹಂಪಿ ಸುತ್ತ ಮನೆ ಕಟ್ಟೋಕೆ ಪರದಾಡೋರನ್ನ ನೋಡಿದವರಿಗೆ ಈ ಭಯ ಬಂದರೆ ತಪ್ಪಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ ಇರೋದು ನಿಜ. ಆದ್ರೆ ಹೊಲದಲ್ಲಿ ಒಂದು ಕಲ್ಲು ಸಿಕ್ಕ ಮಾತ್ರಕ್ಕೆ ಹೊಲ ಸಂರಕ್ಷಿತ ಆಗಲ್ಲ. ಅದಕ್ಕೆ ಅಧಿಸೂಚನೆ ಹೊರಡಬೇಕು, ಆಕ್ಷೇಪಣೆಗೆ ಎರಡು ತಿಂಗಳು ಕೊಡಬೇಕು. ಈ ಎರಡು ಸಾಲನ್ನ ಗ್ರಾಮ ಪಂಚಾಯಿತಿ ಗೋಡೆ ಮೇಲೆ ಬರೆಸಿದರೆ ಸಿಡಿಲಿನ ಕಲ್ಲುಗಳ ಬಗ್ಗೆ ಜನ ತಾವಾಗೇ ಬಾಯಿ ಬಿಡ್ತಾರೆ. ಅಂಥ ಕಲ್ಲು ಕಂಡರೆ ಮೊದಲು ಇದ್ದ ಜಾಗದಲ್ಲೇ ಒಂದು ಫೋಟೋ, ಮೊಬೈಲ್‌ನಲ್ಲಿ ಲೊಕೇಶನ್. ತೊಳೆದು, ಎಣ್ಣೆ ಹಚ್ಚಿ, ಮನೆಗೆ ತಂದ ಮೇಲೆ ಅದು ಟ್ರಿಂಗ್‌ನ ಚೀಟಿ ಹೋದ ಹಕ್ಕಿಯ ಹಾಗೆ.

ವ್ಯಾಪಾರ ಆಗುತ್ತಾ?

ಮ್ಯೂಸಿಯಂನಿಂದ ಊರಿನ ಲಾಡ್ಜ್ ತುಂಬುತ್ತೆ ಅನ್ನೋ ಮಾತನ್ನ ನಂಬೋದು ಬೇಡ. ಹಂಪಿಗೆ ಬರೋರು ಹೊಸಪೇಟೆಯಲ್ಲಿ ಇಳಿದು ಅಲ್ಲೇ ಉಳೀತಾರೆ. ಬಳ್ಳಾರಿಗೆ ಅರ್ಧ ದಿನ ಬಂದರೆ ಊಟ, ಆಟೋ, ಒಂದಿಷ್ಟು ಖರೀದಿ, ಅಷ್ಟು. ಅದಕ್ಕೂ ಗುಡ್ಡಕ್ಕೆ ಹೋಗೋ ದಾರಿ ತೋರಿಸೋ ಬೋರ್ಡ್ ಬೇಕು, ಗುರುತಿಸಿದ ಕಾಲುದಾರಿ ಬೇಕು, ಕಪ್ಪಗಲ್ಲು ಸಂಗನಕಲ್ಲಿನ ಹುಡುಗರು ಗೈಡ್ ಆಗಿ ತಯಾರಾಗಬೇಕು. ಮ್ಯೂಸಿಯಂನ ಮೊದಲ ಗಿರಾಕಿ ಹೊರಗಿನವರಲ್ಲ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರಿನ ಶಾಲೆ ಮಕ್ಕಳು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ 1960ರ ದಶಕದಲ್ಲಿ ಉತ್ಖನನ ಆಗಿ ಇಂಥದ್ದೇ ಊರು ಸಿಕ್ಕಿದೆ ಅಂತ ಆ ಊರಿನ ಎಷ್ಟು ಮಕ್ಕಳಿಗೆ ಗೊತ್ತು?

ದುಡ್ಡಿಲ್ಲ ಅನ್ನೋ ಉತ್ತರ ಈ ಜಿಲ್ಲೆಯಲ್ಲಿ ಒಪ್ಪೋ ಹಾಗಿಲ್ಲ. 2015ರ ತಿದ್ದುಪಡಿ ಆದ ಮೇಲೆ ಗಣಿ ಕಂಪನಿಗಳು ಕಟ್ಟೋ ಜಿಲ್ಲಾ ಖನಿಜ ನಿಧಿ ಇದೆ, ಶಿಕ್ಷಣ ಅದರ ಆದ್ಯತೆಯ ಪಟ್ಟಿಯಲ್ಲಿದೆ. ಒಂದು ಸ್ಕ್ಯಾನರ್, ತರಬೇತಿ ಪಡೆದ ಇಬ್ಬರು ದಾಖಲೆಗಾರರು, ಉಕ್ಕಿನ ಕಪಾಟು, ಬೆಂಕಿ ಆರಿಸೋ ಉಪಕರಣದ ವಾರ್ಷಿಕ ತಪಾಸಣೆ, ಇವಕ್ಕೆ ಒಂದು ಸಿಸಿ ರಸ್ತೆಯಷ್ಟೂ ಖರ್ಚಾಗಲ್ಲ. ರಸ್ತೆಗೆ ಉದ್ಘಾಟನೆ ಕಲ್ಲು ಹಾಕಬಹುದು, ರಿಜಿಸ್ಟರ್‌ಗೆ ಹಾಕೋಕೆ ಆಗಲ್ಲ ಅನ್ನೋದೊಂದೇ ತೊಡಕು.

ಕೇಳೋಕೆ ದಾರಿ ಸುಲಭ ಇದೆ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರೋ ಹಾಗಿಲ್ಲ. ಜಿಲ್ಲೆಯಲ್ಲಿ ಸರ್ಕಾರದ ಸುಪರ್ದಿಯಲ್ಲಿರೋ ಪ್ರಾಚೀನ ವಸ್ತುಗಳು ಎಷ್ಟು? ಅವುಗಳಲ್ಲಿ ರಿಜಿಸ್ಟರ್‌ಗೆ ಏರಿದ್ದು ಎಷ್ಟು? ಪಟ್ಟಿ ಹಿಡಿದು ಎಣಿಕೆ ಮಾಡಿದ್ದು ಕೊನೆಯದಾಗಿ ಯಾವಾಗ? ಅಗ್ನಿ ಸುರಕ್ಷತೆ ತಪಾಸಣೆ ಆದ ತಾರೀಕು ಯಾವುದು? ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳ ಸರ್ವೆ ನಂಬರ್‌ಗಳಲ್ಲಿ ಕ್ವಾರಿ ಗುತ್ತಿಗೆ ಇದೆಯೋ ಇಲ್ಲವೋ ಅನ್ನೋದಕ್ಕೆ ಮಾತ್ರ ಬೇರೆ ಅರ್ಜಿ ಹಾಕಬೇಕು, ಅದು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಇನ್ನೊಂದು 10 ರೂಪಾಯಿ.